ಕೈಗುಣ

"ಅಣ್ಣಾ, ಸಂಘದ ಮುಂದೆ ಜನ ಸೇರವ್ರಂತಲ್ಲ. ನಾನೂ ಹೋಗಿ ನನ್ ದುಡ್ಡು ಬಿಡುಸ್ಕೊಂಡು ಬಂದ್ಬಿಡ್ಲಾ?"

ಮಗ್ಗದ ಹಿಂದೆ ಕೂತಿದ್ದ ಮುನಿಲಕ್ಷ್ಮಮ್ಮ ಕತ್ತೆತ್ತದೆಯೇ ಕೇಳಿದಳು. ಕತ್ತೆತ್ತಿದರೆ ಎಳೆ ತಪ್ಪುತ್ತಿತ್ತು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಮುಗಿಯುತ್ತ ಬಂದಾಗ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹಳೆಯದರ ತುದಿಗೆ ಹೊಸೆದು ಸೇರಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಮುನಿಲಕ್ಷ್ಮಮ್ಮ ಕೆಚ್ಚಿದಳೆಂದರೆ ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಅಂತ ಕೈಯಾಡಿಸಿದರೂ ತಿಳಿಯುತ್ತಿರಲಿಲ್ಲ. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಅವಳು ಬರಲಿ ಎಂದು ಮಗ್ಗ ನಿಲ್ಲಿಸಿಕೊಂಡು ಕಾಯುವವರಿದ್ದರು.

ಮಗ್ಗದ ಯಜಮಾನ ಸಂಜೀವಪ್ಪ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದ. ದೊಡ್ಡ ಬ್ಯಾಂಕಿನ ಆಫೀಸರು ಮಗ್ಗ ನೋಡಲು ಬರುವ ಹೊತ್ತಾಗಿತ್ತು. ನಾಲ್ಕು ಮಗ್ಗದಲ್ಲಿ ಮೂರು ಓಡುತ್ತಿದ್ದವು. ಮುನಿಲಕ್ಷ್ಮಮ್ಮ ಕೆಚ್ಚುತ್ತಿದ್ದ ಮೂಲೆಯದು ಬಾಯಿ ಮುಚ್ಚಿಕೊಂಡು ಕೂತಿತ್ತು. ಇರುವ ಮಗ್ಗವೇ ಓಡದವನಿಗೆ ಇನ್ನೂ ನಾಲ್ಕಕ್ಕೆ ಯಾಕೆ ಸಾಲ ಅಂತ ಆಫೀಸರು ಕೇಳಿದರೆ ಏನು ಹೇಳುವುದು?

"ಮೊದ್ಲು ಇದನ್ನ ಮುಗ್ಸಮ್ಮ. ನಿಂದೇನೂ ಹೋಗಲ್ಲ," ಅಂದ.

ಸಂಘದಲ್ಲಿದ್ದ ತನ್ನ ದುಡ್ಡನ್ನು ಮೊನ್ನೆಯೇ ಪೂರ್ತಿ ತೆಗೆದು ಬ್ಯಾಂಕಿಗೆ ಹಾಕಿ ಬಂದಿದ್ದವನ ಬಾಯಿಂದ ಬಂದ ಮಾತು ಅದು.

ಸಂಜೀವಪ್ಪ ಸಂಘದ ಅಧ್ಯಕ್ಷನಲ್ಲ, ನಿರ್ದೇಶಕನೂ ಅಲ್ಲ. ಆದರೆ ಅವನ ಕೈಗುಣ ಒಳ್ಳೆಯದು ಅಂತ ಬೀದಿಗೆಲ್ಲ ನಂಬಿಕೆ. ಯಾವುದೋ ಕಾಲದಲ್ಲಿ ಅವನು ಹಿಡಿ ಎಳೆದು ಶುರುಮಾಡಿಕೊಟ್ಟ ಒಂದು ಮಗ್ಗ ಒಂದು ಮನೆಯನ್ನು ಮೇಲೆತ್ತಿತಂತೆ. ಅಲ್ಲಿಂದ ಯಾರು ಹೊಸ ಮಗ್ಗ ಹೂಡಿದರೂ ಅವನೇ ಬಂದು ಮೊದಲು ಹಿಡಿ ಎಳೆಯಬೇಕು. ಅವನ ಷಡ್ಡಕ ಆದಿನಾರಾಯಣಪ್ಪ ಬೀದಿಯ ನೇಕಾರರನ್ನೆಲ್ಲ ಒಟ್ಟುಹಾಕಿ ಪತ್ತಿನ ಸಹಕಾರ ಸಂಘ ಕಟ್ಟಿದಾಗಲೂ ಮೊದಲ ನೋಟು ಇಟ್ಟದ್ದು ಸಂಜೀವಪ್ಪನ ಕೈ. ಆಮೇಲೆ ಖಾತೆ ತೆರೆಯಲು ಬಂದ ಹೆಂಗಸರೆಲ್ಲ ತಮ್ಮ ದುಡ್ಡನ್ನು ಅವನ ಅಂಗೈಗೆ ಹಾಕಿ, "ನೀವೇ ಕಟ್ಬಿಡಿ ಅಣ್ಣ," ಅನ್ನುತ್ತಿದ್ದರು. ಮುನಿಲಕ್ಷ್ಮಮ್ಮನಂತೂ ಕೂಲಿಯನ್ನು ಕೂಡ ಅವನ ಕೈಯಿಂದಲೇ ಇಸಿದುಕೊಳ್ಳುವವಳು. ಅವನ ಹೆಂಡತಿ ನಾರಾಯಣಮ್ಮ ದುಡ್ಡು ಹಿಡಿದು ನಿಂತರೂ, "ಇರ್ಲಿ ಅಕ್ಕ, ಅಣ್ಣ ಬರ್ಲಿ," ಅಂತ ಜಗಲಿಯ ಮೇಲೆ ಕಾಯುತ್ತಿದ್ದಳು. ಹೀಗೆ ಕಾದು ಕಾದು ಕೂಡಿಟ್ಟ ದುಡ್ಡೆಲ್ಲ ಸಂಘದಲ್ಲಿತ್ತು. ಒಂದು ಹಳೇ ಮಗ್ಗ ಕೊಂಡು, ಇನ್ನೊಬ್ಬರ ಎಳೆ ಕೆಚ್ಚುವುದು ಬಿಟ್ಟು ತನ್ನದೇ ಸೀರೆ ನೇಯಬೇಕು ಅನ್ನುವುದು ಅವಳ ಆಸೆ. ಹೊಸ ಮಗ್ಗ ಬಂದಾಗ ಮೂಲೆಯ ಹಳೆಯದನ್ನು ಅವಳಿಗೇ ಕೊಡುವುದಾಗಿ ಸಂಜೀವಪ್ಪ ಮಾತು ಕೊಟ್ಟಿದ್ದ.

ಸಂಘದಲ್ಲಿ ಸಾಲ ಕೇಳಿದ್ದ ಅವನು. "ಒಂದು ಮಗ್ಗಕ್ಕಾದ್ರೆ ಕೊಡ್ಬೋದು ಕಣಯ್ಯಾ. ನಾಕಕ್ಕೆ ಅಂದ್ರೆ ಉಳ್ದೋರ್ಗೆ ಏನ್ ಮಾಡ್ಲಿ? ವರ್ಸಕ್ಕೊಂದು ಹಾಕ್ಕೊ," ಅಂದಿದ್ದ ಆದಿನಾರಾಯಣಪ್ಪ. ಬಸ್ ಸ್ಟ್ಯಾಂಡಿನ ಹತ್ತಿರದ ದೊಡ್ಡ ಬ್ಯಾಂಕಿನಲ್ಲಿ ಮ್ಯಾನೇಜರು ಕುರ್ಚಿ ಕೊಟ್ಟು, ಫ್ಯಾನು ಹಾಕಿಸಿ, ಟೀ ತರಿಸಿದರು. ನಾಲ್ಕು ಮಗ್ಗಕ್ಕೂ ಸಾಲ ಉಂಟು. ಆದರೆ ವ್ಯವಹಾರವೆಲ್ಲ ನಮ್ಮಲ್ಲೇ ಇರಬೇಕು, ಸಂಘದಿಂದ ಬಾಕಿ ಇಲ್ಲ ಅಂತ ಪತ್ರ ತರಬೇಕು ಅಂದರು. ಸಂಘದಲ್ಲಿದ್ದದ್ದು ಬೆಂಚು. ಟೀ ಬೇಕಾದರೆ ಎದುರಂಗಡಿಗೆ ಹೋಗಬೇಕು. ಸಂಜೀವಪ್ಪ ಬ್ಯಾಂಕನ್ನೇ ಆರಿಸಿಕೊಂಡ.

ಆರಿಸಿಕೊಂಡದ್ದು ತಪ್ಪಲ್ಲ. ತನ್ನ ದುಡ್ಡು ತಾನು ತೆಗೆದುಕೊಂಡರೆ ಅದು ಕಳ್ಳತನವೇ? ಆದರೂ ಕಳ್ಳನ ಹಾಗೆಯೇ ಹೊತ್ತು ನೋಡಿದ್ದ. ಮಧ್ಯಾಹ್ನ ಊಟವಾದ ಮೇಲೆ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಬಡಿಯುತ್ತಿರುತ್ತವೆ. ಯಾರೂ ಹೊರಗೆ ತಲೆ ಹಾಕುವುದಿಲ್ಲ. ಆ ಹೊತ್ತಿಗೆ ಹೋಗಿ ದುಡ್ಡು ಬಿಡಿಸಿಕೊಂಡು ಕೈಚೀಲದಲ್ಲಿ ಹಾಕಿಕೊಂಡು ಸಂಘದ ಮೆಟ್ಟಿಲಿಳಿಯುತ್ತಿದ್ದ. ಆಗ ಕರೆಂಟು ಹೋಯಿತು.

ನೇಕಾರರ ಬೀದಿಯಲ್ಲಿ ಕರೆಂಟು ಹೋಗುವುದೆಂದರೆ ದೀಪ ಆರುವುದಲ್ಲ, ಸದ್ದು ಆರುವುದು. ಮಗ್ಗಗಳು ಒಟ್ಟಿಗೆ ನಿಂತವು. ಬನಿಯನ್ನಿನಲ್ಲಿ ಬೆವರೊರೆಸಿಕೊಳ್ಳುತ್ತ ಗಂಡಸರು, ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ ಹೆಂಗಸರು, ಎಲ್ಲರೂ ಜಗಲಿಗೆ ಬಂದರು. ನಡುಬೀದಿಯಲ್ಲಿ ಉಬ್ಬಿದ ಚೀಲ ಹಿಡಿದು ಸಂಜೀವಪ್ಪ ನಿಂತಿದ್ದ. ಅವನ ಹಿಂದೆ ಸಂಘದ ಬಾಗಿಲಲ್ಲಿ ಸಪ್ಪೆ ಮುಖದ ಆದಿನಾರಾಯಣಪ್ಪ.

"ಏನ್ ಸಂಜೀವಣ್ಣ, ಸಂಘದಿಂದ?" ಅಂದರು ಯಾರೋ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದ. ಹೊಸ ಮಗ್ಗಕ್ಕೆ ಬ್ಯಾಂಕಿಗೆ ಹಾಕ್ತಿದೀನಿ ಅಂತ ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. "ಏನಿಲ್ಲ, ಸುಮ್ನೆ," ಅಂದುಬಿಟ್ಟ. ಇಟ್ಟ ಕೈಯೇ ತೆಗೆಯಿತು ಅಂದಮೇಲೆ ಒಳಗೇನೋ ಇದೆ ಅಂತ ಬೀದಿ ತೀರ್ಮಾನಿಸಿತು. ಮಾರನೆಯ ದಿನ ಕೆಲವರು ಬಂದು ದುಡ್ಡು ಕೇಳಿದರು. ಅವರನ್ನು ನೋಡಿ ಇನ್ನಷ್ಟು ಜನ ಬಂದರು.

ನಿನ್ನೆ ಸಂಜೆ ಆದಿನಾರಾಯಣಪ್ಪ ಮನೆಗೇ ಬಂದಿದ್ದ. ಒಳಗೆ ಬಾ ಅಂದರೂ ಬರಲಿಲ್ಲ, ಜಗಲಿಯ ಅಂಚಿನಲ್ಲಿ ಕೂತ.

"ನೀನು ತಗಂಡಿದ್ದಕ್ಕೆ ನಂಗೆ ಬೇಜಾರಿಲ್ಲ ಕಣಯ್ಯಾ. ನಿನ್ ದುಡ್ಡು ನಿಂದು. ಆದ್ರೆ ಸಂಘದ ದುಡ್ಡೆಲ್ಲ ಸಾಲ ಹೋಗಿ ಮಗ್ಗ ಆಗಿ ನಿಂತೈತೆ. ಮಗ್ಗ ಮುರ್ದು ಕೊಡಕಾಯ್ತದಾ? ನಾಳೆ ಬೆಳಿಗ್ಗೆ ಬಂದು ಒಂದ್ ಗಂಟೆ ಬೆಂಚಿನ ಮೇಲೆ ಕುಂತ್ಕೊ. ಎಲ್ಲಾರ್ ಮುಂದೆ ಒಂದು ನೂರ್ ರೂಪಾಯಿ ಕಟ್ಟು, ಸಾಕು. ನಿನ್ ಕೈ ನೋಡಿದ್ರೆ ಜನ ಮನೆಗೆ ಹೋಗ್ತಾರೆ."

"ಬರ್ತೀನಿ," ಅಂದಿದ್ದ ಸಂಜೀವಪ್ಪ. ಹೇಳುವಾಗ ನಿಜವಾಗಿಯೂ ಹೋಗುವ ಮನಸ್ಸಿತ್ತು. ಕತ್ತಲಾದ ಮೇಲೆ ಬ್ಯಾಂಕಿನ ಜವಾನ ಬಂದು, ನಾಳೆ ಬೆಳಿಗ್ಗೆಯೇ ಆಫೀಸರು ಬರ್ತಾರೆ, ಮನೇಲೇ ಇರಬೇಕಂತೆ ಅಂತ ಹೇಳಿ ಹೋದ.

"ನಾಳೆ ಸಂಘಕ್ಕೆ ಹೋಗ್ತೀರಾ, ಇಲ್ವಾ?" ಅಂದಳು ನಾರಾಯಣಮ್ಮ.

"ನನ್ ದುಡ್ಡು ನಾನ್ ತಗಂಡೆ. ತಪ್ಪೇನೈತೆ ಅದ್ರಲ್ಲಿ?"

"ನಾನು ಅದನ್ನ ಕೇಳ್ಲಿಲ್ಲ," ಅಂತ ಅವಳು ಒಳಗೆ ಹೋದಳು.

ಬೆಳಿಗ್ಗೆ ಎರಡು ಸಲ ಚಪ್ಪಲಿ ಮೆಟ್ಟಿ ಎರಡು ಸಲವೂ ಬಿಟ್ಟಿದ್ದ. ಈಗ ಮುನಿಲಕ್ಷ್ಮಮ್ಮ ಕೆಚ್ಚುತ್ತ ಕೆಚ್ಚುತ್ತ ಮತ್ತೆ ಮಾತು ತೆಗೆದಳು.

"ಸಂಜೀವಣ್ಣನೂ ಬಿಡುಸ್ಕೊಂಡವ್ರೆ ಅಂತಾರೆ ಜನ. ನಾನು ನಂಬ್ಲಿಲ್ಲ. ಹಂಗಿದ್ರೆ ನಂಗೊಂದ್ ಮಾತು ಹೇಳ್ತಿರ್ಲಿಲ್ವಾ ಅಂದೆ."

ಮೂರು ಮಗ್ಗದ ಸದ್ದಿನಲ್ಲೂ ಅದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಹೋಗು, ಓಡು, ಸಿಕ್ಕಷ್ಟು ಬಿಡಿಸಿಕೋ ಅನ್ನಬೇಕು. ಹಾಗಂದರೆ ಆದಿನಾರಾಯಣಪ್ಪನ ಬೆನ್ನಿಗೆ ಇನ್ನೊಂದು ಇರಿತ. ಹೋಗಬೇಡ, ನಾನೇ ಬಂದು ಮತ್ತೆ ಕಟ್ಟುತ್ತೇನೆ ಅನ್ನಬೇಕು. ಹಾಗಂದರೆ ಈಗಲೇ ಸಂಘಕ್ಕೆ ಹೊರಡಬೇಕು. ಎರಡರಲ್ಲಿ ಯಾವುದನ್ನಾದರೂ ಅಂದಿದ್ದರೆ ಮನುಷ್ಯನಾಗುತ್ತಿದ್ದ. "ಇನ್ನೆಷ್ಟೈತೆ?" ಅಂದ.

"ಒಂದ್ ಗೇಣು," ಅಂದಳು.

ಅವಳು ಮುಗಿಸಿ ಎದ್ದಳು. ಮೂಲೆಯ ಮಗ್ಗ ಓಡತೊಡಗಿತು. ಸ್ವಲ್ಪ ಹೊತ್ತಿಗೆ ಆಫೀಸರ ಸ್ಕೂಟರು ಬಂತು. ಅವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಾಲ್ಕೂ ಮಗ್ಗದ ಸುತ್ತ ಒಂದು ಸುತ್ತು ಬಂದರು. ಪಾತ್ರೆ ತೊಳೆದ ನೀರು ಕುಡಿದ ಹಾಗೆ ಟೀ ಕುಡಿದರು.

"ಸಂಘದ ಪತ್ರ?"

ಸಂಘಕ್ಕೆ ಹೋಗಿ ಅದನ್ನು ಕೇಳುವ ಮುಖ ಸಂಜೀವಪ್ಪನಿಗೆಲ್ಲಿತ್ತು? ಅಷ್ಟರಲ್ಲಿ ನಾರಾಯಣಮ್ಮ ಒಳಗಿನಿಂದ ಒಂದು ಲಕೋಟೆ ತಂದು ಕೊಟ್ಟಳು. "ಬೆಳಿಗ್ಗೇನೆ ಆದಿನಾರಾಯಣ ಬಾವ ಕಳಿಸಿದ್ರು. ಇವತ್ತು ಬ್ಯಾಂಕಿನೋರು ಬರ್ತಾರಂತೆ, ಬೇಕಾಗ್ತದೆ ಅಂತ," ಅಂದಳು. ಸಂಜೀವಪ್ಪ ಯಾಕೆ ಬರಲಾರ ಅನ್ನುವುದು ಆದಿನಾರಾಯಣಪ್ಪನಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದ್ದ.

ಮುನಿಲಕ್ಷ್ಮಮ್ಮ ಹೋಗುವ ಹೊತ್ತಿಗೆ ಸಂಘದಲ್ಲಿ ಪೆಟ್ಟಿಗೆ ಬರಿದಾಗಿ, ಆದಿನಾರಾಯಣಪ್ಪ ಬಾಗಿಲಿಗೆ ಬೀಗ ಹಾಕಿ ಅದೇ ಮೆಟ್ಟಿಲ ಮೇಲೆ ಕೂತಿದ್ದನಂತೆ. ಯಾರು ಬೈದರೂ ಎದ್ದು ಹೋಗಲಿಲ್ಲವಂತೆ. ಆಮೇಲೆ ಸಾಲ ವಸೂಲಾದ ಹಾಗೆಲ್ಲ ಜನಕ್ಕೆ ಚೂರು ಚೂರು ಕೊಡುತ್ತ ಬಂದ. ಸಂಜೀವಪ್ಪನನ್ನು ಮಾತ್ರ ಯಾರೂ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಕೊಟ್ಟು ಹಗುರಾಗಬಹುದಿತ್ತು. ಆದಿನಾರಾಯಣಪ್ಪ ಎದುರು ಸಿಕ್ಕರೆ ಮೊದಲಿನ ಹಾಗೆಯೇ "ಊಟ ಆಯ್ತಾ?" ಅನ್ನುತ್ತಿದ್ದ. ಆ ಮಾತು ಕೇಳಿದ ದಿನ ಸಂಜೀವಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಶ್ರಾವಣಕ್ಕೆ ಮುಂಚೆ ಹೊಸ ಮಗ್ಗಗಳು ಬರುವುದೆಂದಾಯಿತು. ಮೂಲೆಯ ಹಳೆಯದನ್ನು ತೆಗೆಯದೆ ಜಾಗವಿರಲಿಲ್ಲ. ಮುನಿಲಕ್ಷ್ಮಮ್ಮನನ್ನು ಕರೆಸಿ ತಗೊಳ್ತೀಯಾ ಅಂತ ಕೇಳಿದ.

"ಬಂದೋರ್ಗೆ ಕೊಟ್ಬಿಡಣ್ಣ," ಅಂದಳು. "ನನ್ ದುಡ್ಡು ಯಾವತ್ತು ಬರ್ತದೋ ಏನೋ."

ಈಗ ತಗೊಂಡು ಹೋಗು, ದುಡ್ಡು ಬಂದಾಗ ಕೊಡು ಅನ್ನುವ ಮಾತು ಅವನ ನಾಲಿಗೆಯವರೆಗೆ ಬಂದಿತ್ತು. ಬ್ಯಾಂಕಿನ ಮೊದಲ ಕಂತು ನೆನಪಾಗಿ ನುಂಗಿಕೊಂಡ. ಮಗ್ಗ ಗೌರಿಬಿದನೂರಿನವನೊಬ್ಬನ ಪಾಲಾಯಿತು. ಲಾರಿಗೆ ಏರಿಸುವಾಗ ಮುನಿಲಕ್ಷ್ಮಮ್ಮ ಎದುರು ಮನೆಯಲ್ಲಿ ಕೆಚ್ಚುತ್ತ ಕೂತಿದ್ದಳು. ಸದ್ದು ಕೇಳಿ ಹೊರಗೆ ಬರಲಿಲ್ಲ.

ಹೊಸ ಮಗ್ಗಗಳಿಗೆ ಶುಕ್ರವಾರ ಪೂಜೆ. ಅವುಗಳ ಮೇಲೆ ಹಳೆಯ ಹಾಸು ಇರಲಿಲ್ಲವಾದ್ದರಿಂದ ಕೆಚ್ಚುವ ಮಾತಿಲ್ಲ, ಪ್ರತಿಯೊಂದು ಎಳೆಯನ್ನೂ ಬಾಚಣಿಗೆಯಂಥ ಅಚ್ಚಿನ ಸಂದಿನಲ್ಲಿ ಹೊಸದಾಗಿ ಪೋಣಿಸಬೇಕು. ಮುನಿಲಕ್ಷ್ಮಮ್ಮನೇ ಬಂದು ವಾರವೆಲ್ಲ ಕೂತು ಪೋಣಿಸಿದ್ದಳು. ಎಳೆ ಎಲ್ಲೂ ತಪ್ಪಿರಲಿಲ್ಲ. ಸಂಜೀವಪ್ಪ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಹಿಡಿ ಎಳೆದ. ನಾಲ್ಕೂ ಮಗ್ಗ ಒಂದೇ ಸಲಕ್ಕೆ ಓಡಿದವು. ಬೀದಿಯವರು ಕೋಸಂಬರಿ ತಿಂದು, ಒಳ್ಳೇದಾಗ್ಲಿ ಅಂತ ಹೇಳಿ ಹೋದರು.

ಎಲ್ಲರೂ ಹೋದ ಮೇಲೆ ಮುನಿಲಕ್ಷ್ಮಮ್ಮ ಕೈ ತೊಳೆದುಕೊಂಡು ಜಗಲಿಯಲ್ಲಿ ನಿಂತಳು. ಸಂಜೀವಪ್ಪ ವೀಳ್ಯದೆಲೆಯ ಮೇಲೆ ಅಡಿಕೆ ಇಟ್ಟು, ಅದರ ಮೇಲೆ ವಾರದ ಕೂಲಿಯಿಟ್ಟು ಅಂಗೈ ಚಾಚಿದ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದಳು. ಒದ್ದೆ ಆಗಲೇ ಆರಿತ್ತು.

"ನಾರಾಯಣಕ್ಕಾ," ಅಂತ ಒಳಗೆ ನೋಡಿ ಕೂಗಿದಳು, "ವಸಿ ಬರ್ತೀರಾ? ಕೂಲಿ ನೀವ್ ಕೊಡಿ ಅಕ್ಕ."

ಕುಡಿಯಲು ನೀರು ಕೇಳಿದಷ್ಟು ಮೆತ್ತಗಿತ್ತು ದನಿ. ನಾರಾಯಣಮ್ಮ ಹೊರಗೆ ಬಂದು ಒಮ್ಮೆ ಅವಳನ್ನು, ಒಮ್ಮೆ ಗಂಡನನ್ನು ನೋಡಿದಳು. ಅವನ ಅಂಗೈಯಿಂದ ನೋಟುಗಳನ್ನೆತ್ತಿ ಮುನಿಲಕ್ಷ್ಮಮ್ಮನ ಕೈಗಿಟ್ಟಳು. ಅವಳು ಅವನ್ನು ಕಣ್ಣಿಗೊತ್ತಿಕೊಂಡು, ಸೊಂಟಕ್ಕೆ ಸಿಕ್ಕಿಸಿಕೊಂಡು, "ಬರ್ತೀನಣ್ಣ," ಅಂತ ಮೆಟ್ಟಿಲಿಳಿದಳು.

ಒಳಗೆ ಹೊಸ ಮಗ್ಗಗಳು ಬಡಿಯುತ್ತಿದ್ದವು. ಎಲೆ ಅಡಿಕೆ ಸಂಜೀವಪ್ಪನ ಅಂಗೈಯಲ್ಲೇ ಉಳಿದಿತ್ತು.