ಒದ್ದೆ ಸೀಮೆಸುಣ್ಣದ ಪ್ರಶ್ನೆ

ನಾನು ಒಂದು ಸುರುಳಿ ಹಲಗೆ. ದಪ್ಪ ಬಟ್ಟೆಗೆ ಮೂರು ಸಲ ಕಪ್ಪು ಬಣ್ಣ ಬಳಿದು, ಮೇಲೆ ಕೆಳಗೆ ಮರದ ಪಟ್ಟಿ ಹೊಡೆದು ನನ್ನನ್ನು ಮಾಡಿದರು. ಹುಟ್ಟಿದಾಗ ನನಗೆ ಸಿಟ್ಟಿರಲಿಲ್ಲ. ಅದನ್ನು ಶಾಲೆಯಲ್ಲಿ ಕಲಿತೆ.

ನನ್ನನ್ನು ಕೊಂಡವಳು ಬಿ.ಎಡ್. ಓದುತ್ತಿದ್ದ ಶೈನಾಜ್. ಪಾಠದ ಅಭ್ಯಾಸಕ್ಕೆಂದು ನನ್ನನ್ನು ಕಂಕುಳಲ್ಲಿಟ್ಟುಕೊಂಡು ಒಂದು ಹಳ್ಳಿಯ ಶಾಲೆಗೆ ಬಂದಳು. ಆ ವರ್ಷ ವಿಜ್ಞಾನ ಪ್ರದರ್ಶನ ಅಲ್ಲಿಯೇ ಇತ್ತು. ಏಳನೇ ತರಗತಿಯ ಪ್ರಾಜೆಕ್ಟ್ ಅವಳ ಪಾಲಿಗೆ ಬಂತು. ವಿಷಯ, ನೀರು.

ಮಕ್ಕಳು ನನ್ನ ಮೇಲೆ ಬರೆದರು: ‘ನೀರು ಎಂದರೇನು?’

ಶೈನಾಜ್ ಒರೆಸಿದಳು. “ಉತ್ತರ ಪುಸ್ತಕದಾಗ ಐತಿ. ಮತ್ಯಾಕ ಹುಡುಕ್ತೀರಿ?”

‘ನೀರು ಬೇಕೋ ಬೇಡವೋ?’

“ಹೂಂ ಅಂದ್ರ ಮುಗೀತು. ದಿನಾ ಕಣ್ಣಿಗೆ ಬೀಳೂದು, ಆದ್ರ ಯಾರೂ ಕೇಳದೇ ಇರೂದು ಏನರ ಐತೇನು? ನಾವ ಎಣಿಸಿ, ವಿಚಾರಿಸಿ ತಿಳ್ಕೊಳ್ಳುವಂಥಾದ್ದು?”

ಹಿಂದಿನ ಸಾಲಿನಿಂದ ದ್ಯಾಮವ್ವ ಎದ್ದಳು. “ಬಾಟ್ಲಿ, ಟೀಚರ್. ನಾವು ಹುಡುಗ್ಯಾರು ತುಂಬಿದ್ದು ತರ್ತೀವಿ, ತುಂಬಿದ್ದ ಒಯ್ತೀವಿ.”

“ಒಂಟಿಗೋಳ್ರೀ ಅವು, ನೀರ ಬೇಕಾಗಂಗಿಲ್ಲ,” ಎಂದ ಒಬ್ಬ ಹುಡುಗ. ಹುಡುಗರು ನಕ್ಕರು. ಹುಡುಗಿಯರು ನಗಲಿಲ್ಲ.

ಬರೆದು, ಒರೆಸಿ, ಮತ್ತೆ ಬರೆದು, ಕೊನೆಗೆ ಒಂದು ಸಾಲು ನಿಂತಿತು: ‘ನಮ್ಮ ಶಾಲೆಯ ಹುಡುಗಿಯರ ನೀರಿನ ಬಾಟಲಿ ಸಂಜೆಗೂ ಏಕೆ ತುಂಬಿರುತ್ತದೆ?’

ವಾರವಿಡೀ ಎಣಿಸಿದರು. ಹತ್ತೊಂಬತ್ತರಲ್ಲಿ ಹದಿನಾರು ಬಾಟಲಿ ಹಾಗೆಯೇ ಮನೆಗೆ ಹೋಗುತ್ತಿದ್ದವು. ಹುಡುಗಿಯರ ಶೌಚಾಲಯಕ್ಕೆ ಬೀಗ. ತಪಾಸಣೆಗೆ ಸಾಹೇಬರು ಬಂದಾಗ ಸ್ವಚ್ಛವಾಗಿ ಕಾಣಲೆಂದು ಹೆಡ್ ಸರ್ ಹಾಕಿಸಿದ ಬೀಗ. ದ್ಯಾಮವ್ವನಿಗೆ ಎರಡು ಸಲ ಉರಿಮೂತ್ರವಾಗಿತ್ತು. ಇನ್ನೊಂದು ಸಲ ಆದರೆ ಶಾಲೆ ಬಿಡಿಸುವೆನೆಂದು ಅವಳ ಅವ್ವ ಹೇಳಿದ್ದಳು.

ಪ್ರದರ್ಶನದ ಬೆಳಿಗ್ಗೆ ಹೆಡ್ ಸರ್ ಆ ಸಾಲನ್ನು ಒರೆಸಿ, ‘ನೀರಿನ ಮಹತ್ವವೇನು?’ ಎಂದು ದುಂಡಾಗಿ ಬರೆದರು.

“ಮನೀ ಮಾತು ಮಂದಿ ಮುಂದ ಇಡಬಾರದವಾ,” ಎಂದರು ಶೈನಾಜ್‌ಗೆ. “ನಿನ್ನ ಮಾರ್ಕ್ಸು ನನ್ನ ಕೈಯಾಗ ಅದಾವು.”

ಅವಳು ತಲೆ ತಗ್ಗಿಸಿದಳು. ಅವಳ ಮೇಲೂ ನನಗೆ ಸಿಟ್ಟು ಬಂತು. ಇಂದಿಗೂ ಪೂರ್ತಿ ಹೋಗಿಲ್ಲ.

ದ್ಯಾಮವ್ವ ಬಾಟಲಿಯ ಮುಚ್ಚಳ ತೆಗೆದಳು. ಕುಡಿಯದೆ ಉಳಿಸಿದ್ದ ನೀರಿನಲ್ಲಿ ಸೀಮೆಸುಣ್ಣ ಅದ್ದಿ, ಹೆಡ್ ಸರ್ ಸಾಲಿನ ಕೆಳಗೆ ತನ್ನ ಪ್ರಶ್ನೆ ಬರೆದಳು. ಒದ್ದೆ ಸೀಮೆಸುಣ್ಣ ಮೊದಲು ಕಾಣುವುದೇ ಇಲ್ಲ. ಹೆಡ್ ಸರ್ ನನ್ನತ್ತ ಒಮ್ಮೆ ಕಣ್ಣು ಹಾಯಿಸಿ, ಸಾಹೇಬರನ್ನು ಕರೆತರಲು ಗೇಟಿಗೆ ಹೋದರು. ಫ್ಯಾನಿನ ಗಾಳಿಗೆ ನನ್ನ ಮೈ ಆರತೊಡಗಿತು. ಒಂದೊಂದೇ ಅಕ್ಷರ ಬೆಳ್ಳಗೆ ಎದ್ದು ಬಂತು.

ಬಂದ ಸಾಹೇಬರು ಹೆಂಗಸು. ಹೆಡ್ ಸರ್ ಓಡಿ ಬಂದು ಡಸ್ಟರಿನಿಂದ ಉಜ್ಜಿದರು. ಹೋದದ್ದು ಅವರ ಸಾಲು ಮಾತ್ರ; ಒದ್ದೆಯಾಗಿ ಬರೆದದ್ದು ಆರಿದ ಮೇಲೆ ಒಣ ಡಸ್ಟರಿಗೆ ಹೋಗುವುದಿಲ್ಲ.

ಆಕೆ ನಿಧಾನವಾಗಿ ಓದಿದರು. “ಯಾಕವಾ ತುಂಬಿರ್ತೈತಿ?”

“ಉತ್ತರ ಸರ್ ಜೇಬಿನ್ಯಾಗ ಐತ್ರಿ,” ಎಂದಳು ದ್ಯಾಮವ್ವ. “ಕೀಲಿ.”

ಅಂದೇ ಬೀಗ ತೆರೆಯಿತು. ಮರುವಾರ ಶೈನಾಜ್ ನನ್ನನ್ನು ಬಿಟ್ಟು ಕಾಲೇಜಿಗೆ ಮರಳಿದಳು. ಹೆಡ್ ಸರ್ ನನ್ನನ್ನು ಶೌಚಾಲಯದ ಒಡೆದ ಕಿಟಕಿಗೆ ಅಡ್ಡವಾಗಿ ಮೊಳೆ ಹೊಡೆಸಿ ನಿಲ್ಲಿಸಿದರು. ಅದು ಶಿಕ್ಷೆ ಎಂದುಕೊಂಡಿರಬೇಕು.

ಈಗ ಬಿಸಿಲಿಗೆ ನನ್ನ ಬಣ್ಣ ಚಕ್ಕೆ ಏಳುತ್ತಿದೆ. ಒಳಗೆ ನೀರಿನ ಸದ್ದಾದಾಗ ನೆಮ್ಮದಿಯಾಗಬೇಕು. ಆಗುವುದಿಲ್ಲ. ಎಲ್ಲರಿಗೂ ಗೊತ್ತಿದ್ದ ಒಂದು ಬೀಗ ತೆಗೆಸಲು ಹದಿಮೂರು ವರ್ಷದ ಹುಡುಗಿ ವಾರವಿಡೀ ಬಾಟಲಿ ಎಣಿಸಬೇಕಾಯಿತಲ್ಲ ಎಂದು ಮೈ ಉರಿಯುತ್ತದೆ.

ಪಕ್ಕದ ಬಾಗಿಲಿನ ಚಿಲಕದಲ್ಲಿ ಆ ಬೀಗ ಬಾಯಿ ತೆರೆದು ಇನ್ನೂ ನೇತಾಡುತ್ತಿದೆ. ಯಾರೂ ಅದನ್ನು ತೆಗೆದು ಎಸೆದಿಲ್ಲ. ನಾನು ಅದರ ಮೇಲಿನ ಕಣ್ಣು ತೆಗೆದಿಲ್ಲ.