ಬೆಳ್ಳಿಯ ಎರಡು ಕಣ್ಣು

ನಾನು ಒಂದು ಮೊಬೈಲು. ಸಮುದ್ರದಾಚೆಯ ದೊಡ್ಡ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಬಿಳಿ ಟೋಪಿಯ ಹುಡುಗಿಯೊಬ್ಬಳು ನನ್ನ ಬೆನ್ನಿಗೆ ಕೊನೆಯ ತಿರುಪು ಬಿಗಿದಳು, ನನ್ನ ಕಣ್ಣಿನ ಗಾಜನ್ನು ಬಟ್ಟೆಯಿಂದ ಒರಸಿದಳು, ಮುಂದಕ್ಕೆ ತಳ್ಳಿದಳು. ಹೆತ್ತವಳ ಮುಖವನ್ನು ನಾನು ಕಂಡದ್ದು ಅಷ್ಟೇ ಹೊತ್ತು.

ನನ್ನನ್ನು ಮೊದಲು ಕೊಂಡವನು ಹುಬ್ಬಳ್ಳಿಯಲ್ಲಿ ಔಷಧ ಮಾರುತ್ತಿದ್ದ ಒಬ್ಬ ತರುಣ. ಅವನ ಬೈಕಿನಿಂದ ಬಿದ್ದು ನನ್ನ ಒಂದು ಮೂಲೆ ಒಡೆಯಿತು. ಅವನು ಬೇರೆಯದನ್ನು ಕೊಂಡ. ನಾನು ಗದಗಿನ ಬಸ್ ನಿಲ್ದಾಣದ ಎದುರಿನ ಅಂಗಡಿಯೊಂದರ ಗಾಜಿನ ಪೆಟ್ಟಿಗೆ ಸೇರಿದೆ. ಅಲ್ಲಿಗೆ ಒಂದು ದಿನ ಅಪ್ಪ ಮಗಳು ಬಂದರು. ಅಪ್ಪ ನನ್ನನ್ನು ಕೈಗೆತ್ತಿಕೊಂಡು, ಮೂಗಿನ ತನಕ ತಂದು, ಅಕ್ಷರ ಓದುವವನಂತೆ ನೋಡಿದ.

"ಮೂಲಿ ಒಡದೈತಲಪಾ. ಇದಕ್ಕೂ ಇಷ್ಟ ರೊಕ್ಕ?"

"ಕಾಕಾ, ಮೂಲಿ ಒಡದ್ರ ಮಾತು ಒಡದು ಬರೂದಿಲ್ಲ, ತಗೋರಿ," ಎಂದ ಅಂಗಡಿಯವನು.

ಮಗಳು ನಕ್ಕಳು. ಆ ನಗೆಯ ಬಲದಿಂದಲೇ ನಾನು ಮಾರಾಟವಾದೆ.

ಅಪ್ಪನ ಹೆಸರು ದಾನಪ್ಪ. ಬೆಟಗೇರಿಯ ನೇಕಾರರ ಓಣಿಯವನು. ಹಿರಿಯರೆಲ್ಲ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕಾಲ ಕಳೆದವರು. ಇವನೊಬ್ಬ ಅಕ್ಷರಕ್ಕೆ ಒಲಿದು ಛಾಪಖಾನೆ ಸೇರಿದ. ನಲವತ್ತು ವರ್ಷ ಪಂಚಾಂಗ, ಲಗ್ನಪತ್ರಿಕೆ, ಶಾಲೆಯ ಪುಸ್ತಕಗಳ ಕರಡು ತಿದ್ದಿದವನು. ಅವನ ಕಿವಿಯ ಮೇಲೆ ಯಾವಾಗಲೂ ಒಂದು ಕೆಂಪು ಪೆನ್ಸಿಲು ಇರುತ್ತಿತ್ತು. ತಪ್ಪು ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಮಗಳು ಶಾಂಭವಿ ಬಾಲವಾಡಿಯ ಶಿಕ್ಷಕಿ. ಕೆಲಸ ಸಿಕ್ಕಿದ ಸಂತೋಷಕ್ಕೆ ಅಪ್ಪ ಅವಳಿಗೆ ನನ್ನನ್ನು ಕೊಡಿಸಿದ್ದ. ಅವಳ ತಾಯಿ ನೀಲವ್ವ ನನ್ನನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಆಮೇಲೆ ಮಗಳ ಕೈಗೆ ಕೊಟ್ಟಳು. ನನಗೆ ಹಣೆಯಿಲ್ಲ, ಆದರೂ ಆ ಕುಂಕುಮದ ತಂಪು ಇನ್ನೂ ನೆನಪಿದೆ.

ಎರಡು ವರ್ಷ ಸುಖವಾಗಿತ್ತು. ಆಮೇಲೆ ದಾನಪ್ಪನ ಕಣ್ಣಿಗೆ ಮಂಜು ಕವಿಯಿತು. ಪಂಚಾಂಗದಲ್ಲಿ ಒಂದು ಅಮಾವಾಸ್ಯೆ ತಪ್ಪಿ ಅಚ್ಚಾಯಿತು. ಛಾಪಖಾನೆಯ ಯಜಮಾನರು ಒಳ್ಳೆಯವರು, ಬೈಯಲಿಲ್ಲ. "ಒಂದೀಟು ವಿಶ್ರಾಂತಿ ತಗೋರಿ ದಾನಪ್ಪನವರ," ಎಂದರು. ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಕಣ್ಣಿನ ಆಪರೇಷನ್ ನಿಶ್ಚಯವಾಯಿತು. ಅದರ ಹಿಂದಿನ ಸಂಜೆ ಶಾಂಭವಿ ಓಣಿಯ ಬನಶಂಕರಿ ಗುಡಿಗೆ ಹೋದಳು. ನಾನು ಅವಳ ಚೀಲದಲ್ಲಿದ್ದೆ. "ಅಪ್ಪಗ ಅಕ್ಷರ ಕಾಣಲಿ ತಾಯಿ. ನನ್ನ ದುಡಿಮಿಯೊಳಗ ನಿನಗ ಬೆಳ್ಳಿ ಕಣ್ಣ ಮಾಡಿಸಿ ಹಾಕ್ತೀನಿ," ಎಂದು ಅವಳು ಬೇಡಿಕೊಂಡದ್ದನ್ನು ಕೇಳಿದವರು ದೇವಿ ಮತ್ತು ನಾನು, ಇಬ್ಬರೇ.

ಆ ಓಣಿಯಲ್ಲಿ ಒಂದು ನಡೆ ಇದೆ. ಹರಕೆ ಹೊತ್ತವರು ತಾವು ಬೆವರು ಸುರಿಸಿ ಗಳಿಸಿದ್ದರಲ್ಲೇ ಅದನ್ನು ತೀರಿಸಬೇಕು. ಬೇರೆಯವರ ಹಣದ ಕಾಣಿಕೆ ದೇವಿಗೆ ಮುಟ್ಟುವುದಿಲ್ಲ.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ದಾನಪ್ಪ ಮೊದಲು ಓದಿದ್ದು ಗೋಡೆಯ ಮೇಲಿನ ಫಲಕ. "ದಯವಿಟ್ಟು ಉಗಳಬೇಡಿ," ಎಂದು ಓದಿ, "ಉಗುಳಬೇಡಿ ಅಂತ ಇರಬೇಕಿತ್ತು," ಎಂದ. ಶಾಂಭವಿ ಆಸ್ಪತ್ರೆ ಎಂಬುದನ್ನೂ ಮರೆತು ಚಪ್ಪಾಳೆ ತಟ್ಟಿದಳು.

ಆದರೆ ಅವಳ ಸಂಬಳ ಅಪ್ಪನ ಔಷಧಕ್ಕೂ ಮನೆಯ ಅಕ್ಕಿಬೇಳೆಗೂ ಸರಿಹೋಗುತ್ತಿತ್ತು. "ಸಂಬಳ ಮನೀದು, ಹರಕಿ ನಂದು," ಎಂದುಕೊಂಡು ಅವಳು ಬೇರೆ ದಾರಿ ಹುಡುಕಿದಳು. ಅವಳಿಗೆ ಆ ದಾರಿ ನನ್ನೊಳಗೇ ಸಿಕ್ಕಿತು. ಯಾವುದೋ ದೂರದ ಕಂಪನಿಗಳು ಜನರ ಅಭಿಪ್ರಾಯ ಕೇಳುತ್ತವೆ. ಯಾವ ಸೋಪು ಹಚ್ಚುತ್ತೀರಿ, ಯಾವ ಬಿಸ್ಕತ್ತು ತಿನ್ನುತ್ತೀರಿ ಎಂಬ ಪ್ರಶ್ನೆಗಳು. ಉತ್ತರ ಕೊಟ್ಟರೆ ಹತ್ತೋ ಇಪ್ಪತ್ತೋ ಅಂಕ. ಎರಡು ಸಾವಿರ ಅಂಕ ತುಂಬಿದರೆ ಮಾತ್ರ ಅದು ಬೆಳ್ಳಿ ಕಣ್ಣಿಗೆ ಸಾಲುವಷ್ಟು ಹಣವಾಗಿ ಕೈಸೇರುತ್ತದೆ. ಅಲ್ಲಿಯ ತನಕ ಅದು ಬರೀ ಗಾಳಿ.

ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ ಅವಳು ಬಾಲವಾಡಿಯ ಕಟ್ಟೆಯ ಮೇಲೆ ಕುಳಿತು ಉತ್ತರ ತುಂಬುತ್ತಿದ್ದಳು. ಹತ್ತು ಪ್ರಶ್ನೆ ಕೇಳಿದ ಮೇಲೆ, "ನಿಮ್ಮಲ್ಲಿ ಕಾರು ಇದೆಯೇ?" ಎಂದು ಬರುತ್ತಿತ್ತು. ಇಲ್ಲ ಎಂದು ಒತ್ತಿದರೆ, "ಕ್ಷಮಿಸಿ, ಈ ಸಮೀಕ್ಷೆಗೆ ನೀವು ಅರ್ಹರಲ್ಲ." ಹತ್ತು ಉತ್ತರವೂ ನೀರಿಗೆ ಹೋದಂತೆ.

"ಐತಿ ಅಂತ ಒತ್ತಬಾರದೇನ?" ಎಂದು ನೀಲವ್ವ ಒಮ್ಮೆ ಕೇಳಿದಳು. ಅವಳೊಬ್ಬಳಿಗೆ ಮಗಳು ಹರಕೆಯ ಗುಟ್ಟು ಹೇಳಿದ್ದಳು.

"ದೇವಿ ಕಣ್ಣು ಸುಳ್ಳಿನ ಬೆಳ್ಳೀಲೆ ಮಾಡಸೂದೇನವಾ?" ಎಂದಳು ಮಗಳು.

ಹೀಗೆ ಹನಿಹನಿಯಾಗಿ ಒಂದು ಸಾವಿರದ ಏಳುನೂರು ಅಂಕ ಕೂಡಿತು. ಶ್ರಾವಣ ಬಂತು. ಅದರ ಹಿಂದೆಯೇ ಜ್ವರ ಬಂತು. ಸೊಳ್ಳೆಯ ಜ್ವರ. ಎಂಟು ದಿನ ಅವಳು ಆಸ್ಪತ್ರೆಯ ಮಂಚದ ಮೇಲಿದ್ದಳು; ನಾನು ಅವಳ ತಲೆದಿಂಬಿನ ಕೆಳಗಿದ್ದೆ. ಬ್ಯಾಂಕಿನಲ್ಲಿದ್ದುದು ಹೋಯಿತು, ಕಿವಿಯ ಬೆಂಡೋಲೆ ಹೋಯಿತು, ಒಂಬತ್ತನೆಯ ದಿನ ಅವಳೂ ಹೋದಳು. ಶಿವನ ಇಚ್ಛೆ ಎಂದು ಎಲ್ಲರೂ ಹೇಳಿದರು. ನನಗೆ ಅದು ತಿಳಿಯದು. ತಲೆದಿಂಬು ತಣ್ಣಗಾದದ್ದು ಮಾತ್ರ ತಿಳಿಯಿತು.

ತಿಂಗಳಾದ ಮೇಲೆ ದಾನಪ್ಪ ಗುಡಿಗೆ ಹೋಗಿ ಪೂಜಾರಿ ಸಿದ್ಧಯ್ಯನ ಮುಂದೆ ಹರಕೆಯ ಮಾತು ತೆಗೆದ. ಮಗಳು ಅದನ್ನು ಜ್ವರದಲ್ಲಿ ಅಪ್ಪನಿಗೆ ಹೇಳಿದ್ದಳು. ಅದೇ ಅವಳು ಎಚ್ಚರದಲ್ಲಿ ಆಡಿದ ಕೊನೆಯ ಮಾತು.

"ನಾ ಮಾಡಿಸಿ ಹಾಕಲೇನ್ರೀ ಅಯ್ಯಾರ?"

ಸಿದ್ಧಯ್ಯ ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಟ್ಟ. "ನೀ ಹಾಕಿದ್ರ ಅದು ನಿನ್ನ ಕಾಣಿಕಿ ದಾನಪ್ಪ. ಕೂಸಿನ ಹರಕಿ ಹಂಗ ಉಳೀತೈತಿ. ಅಕಿ ದುಡದದ್ದು ಏನರ ಐತೇನು ನೋಡು."

ಅವಳು ದುಡಿದದ್ದರಲ್ಲಿ ಉಳಿದಿದ್ದುದು ನನ್ನೊಳಗಿನ ಆ ಅಂಕಗಳು ಮಾತ್ರ. ನನ್ನನ್ನು ಮಾರಿದರೂ ಪ್ರಯೋಜನವಿರಲಿಲ್ಲ. ನಾನು ಅಪ್ಪ ಕೊಡಿಸಿದ ಸಾಮಾನು. ಇನ್ನು ಮುನ್ನೂರು ಅಂಕ ಬೇಕಾಗಿತ್ತು. ಮರುದಿನ ಮುಂಜಾನೆ ಪೂಜೆ ಮುಗಿಸಿ ದಾನಪ್ಪ ನನ್ನನ್ನು ಮಡಿಲಲ್ಲಿಟ್ಟುಕೊಂಡು ಕುಳಿತ. ನನ್ನ ಬೀಗ ತೆಗೆಯುವುದನ್ನು ಮಗಳೇ ಅವನಿಗೆ ಕಲಿಸಿದ್ದಳು.

"ಸತ್ತಾಕಿ ಹೆಸರಿನ್ಯಾಗ ನೀವು ಉತ್ತರಾ ಬರದ್ರ ಅದು ಸುಳ್ಳಲ್ಲೇನ್ರೀ?" ಎಂದಳು ನೀಲವ್ವ.

"ಹಾಸು ಅಕೀದು," ಎಂದ ದಾನಪ್ಪ. "ಮಗ್ಗದ ಮ್ಯಾಲ ಸೀರಿ ಅರ್ಧಕ್ಕ ನಿಂತೈತಿ. ಉಳದ ನಾಕು ಹೊಕ್ಕು ನಾ ಹಾಕಿದ್ರ ಸೀರಿ ಅಕೀದ ಆಕ್ಕೈತಿ. ಅಕಿ ಹೆಂಗ ಹೇಳ್ತಿದ್ಲೋ ಹಂಗ ಹೇಳ್ತೀನಿ. ಒಂದಕ್ಷರ ಆಚಿಗಿಲ್ಲ ಈಚಿಗಿಲ್ಲ."

ಹಾಗೆ ಶುರುವಾಯಿತು. ಪ್ರತಿಯೊಂದು ಪ್ರಶ್ನೆಯನ್ನೂ ಅವನು ಎರಡು ಸಲ ಓದುತ್ತಿದ್ದ. ಅಲ್ಲಿನ ಕನ್ನಡ ಕಂಡು ಅವನ ಕೈ ಕಿವಿಯ ಮೇಲಿನ ಪೆನ್ಸಿಲಿಗೆ ಹೋಗುತ್ತಿತ್ತು. "ನೀವು ಈ ಶಾಂಪೂ ಕೊಳ್ಳಲು ಎಷ್ಟು ಸಾಧ್ಯತೆ ಇದ್ದೀರಿ? ಏನಿದು, ಮನಷ್ಯಾ ಮಾತಾಡೂ ಹಂಗ ಐತೇನ?" ಎನ್ನುತ್ತಿದ್ದ. ಸಲಹೆ ಬರೆಯಲು ಜಾಗವಿದ್ದಲ್ಲೆಲ್ಲ ತಪ್ಪುಗಳನ್ನು ತಿದ್ದಿ ಕಳಿಸುತ್ತಿದ್ದ. ಅದಕ್ಕೆ ಅಂಕವಿರಲಿಲ್ಲ.

"ಶಾಂಭವಿ ತಲಿಗೆ ಯಾವ ಎಣ್ಣಿ ಹಚ್ಕೋತಿದ್ಲು?" ಎಂದು ಒಂದು ದಿನ ಹೆಂಡತಿಯನ್ನು ಕೇಳಿದ.

ನೀಲವ್ವ ಕೈಯಲ್ಲಿದ್ದ ರೊಟ್ಟಿಯ ಹಿಟ್ಟನ್ನು ಪರಾತಕ್ಕೆ ಎಸೆದಳು. "ಮಣ್ಣು ಕೊಟ್ಟು ಬಂದ ಮಗಳ ಎಣ್ಣಿ ಕೇಳ್ತೀರಿ? ನಿಮ್ಮ ಎದಿ ಏನ್ ಕಲ್ಲೇನ್ರೀ?"

ಪ್ರಶ್ನೆ ನನ್ನ ಗಾಜಿನ ಮೇಲೆ ಹಾಗೇ ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ನೀಲವ್ವ ಸೆರಗಿನಿಂದ ಕೈಯೊರಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕುಳಿತಳು. "ಕೊಬ್ರಿ ಎಣ್ಣಿ. ನೀಲಿ ಡಬ್ಬಿದು. ವಾಸನಿ ಎಣ್ಣಿ ಹಚ್ಚಿದ್ರ ಕೂಸುಗಳು ಮೂಗು ಮುಚ್ಕೋತಾವು ಅಂತಿದ್ಲು."

ಆ ದಿನದಿಂದ ಇಬ್ಬರೂ ಕೂಡಿಯೇ ಉತ್ತರ ಕೊಡುತ್ತಿದ್ದರು. ಅವಳಿಗೆ ಯಾವ ಬಣ್ಣ ಇಷ್ಟ, ಚಹಾಕ್ಕೆ ಎಷ್ಟು ಸಕ್ಕರೆ, ಹಬ್ಬಕ್ಕೆ ಬಟ್ಟೆ ಕೊಳ್ಳುವಾಗ ಬೆಲೆ ನೋಡುತ್ತಾಳೋ ಬಣ್ಣ ನೋಡುತ್ತಾಳೋ. ಬದುಕಿದ್ದಾಗ ಯಾರೂ ಅವಳ ಬಗ್ಗೆ ಇಷ್ಟು ಕೇಳಿರಲಿಲ್ಲ, ತಂದೆತಾಯಿಯೂ ಕೇಳಿರಲಿಲ್ಲ. ಆಗಾಗ ಅವರು ನಗುತ್ತಲೂ ಇದ್ದರು. ನಗು ಅರ್ಧಕ್ಕೆ ನಿಲ್ಲುತ್ತಿತ್ತು.

ಒಂದು ಮುಂಜಾನೆ, "ಇನ್ನು ಐದು ವರ್ಷಗಳಲ್ಲಿ ನೀವು ಎಲ್ಲಿರಲು ಬಯಸುತ್ತೀರಿ?" ಎಂಬ ಪ್ರಶ್ನೆ ಬಂತು. ಸ್ವಂತ ಮನೆ, ಬೇರೆ ಊರು, ಈಗ ಇರುವಲ್ಲಿಯೇ, ಹೇಳಲಾಗದು ಎಂದು ನಾಲ್ಕು ಉತ್ತರ ಕೊಟ್ಟಿದ್ದರು. ದಾನಪ್ಪನ ಬೆರಳು ಬಹಳ ಹೊತ್ತು ಗಾಳಿಯಲ್ಲೇ ನಿಂತಿತು. ಕೊನೆಗೆ ನೀಲವ್ವ ಅವನ ಬೆರಳು ಹಿಡಿದು "ಈಗ ಇರುವಲ್ಲಿಯೇ" ಎಂಬುದರ ಮೇಲೆ ಒತ್ತಿದಳು. ಅವಳ ಲೆಕ್ಕದಲ್ಲಿ ಮಗಳು ಇದ್ದದ್ದು ಮನೆಯಲ್ಲೋ ಮಣ್ಣಿನಲ್ಲೋ, ನಾನು ಅರಿಯೆ.

ದೀಪಾವಳಿಯ ಹೊತ್ತಿಗೆ ಇನ್ನು ಹತ್ತು ಅಂಕ ಮಾತ್ರ ಬೇಕಾಗಿತ್ತು. ಅಂದು ದಾನಪ್ಪ, ಕರಡು ಮುಗಿದ ಮೇಲೆ ಮತ್ತೊಮ್ಮೆ ಮೊದಲಿನಿಂದ ನೋಡುವ ತನ್ನ ಹಳೆಯ ಪದ್ಧತಿಯಂತೆ, ಮಗಳ ಹೆಸರು ವಿಳಾಸವಿದ್ದ ಪುಟವನ್ನು ತೆರೆದ. ಜನ್ಮದಿನದ ಮುಂದೆ ಜೂನ್ ಒಂದು ಎಂದಿತ್ತು. ಅವನು ಹಣೆ ಒತ್ತಿಕೊಂಡ.

ಅದು ಶಾಲೆಯ ತಾರೀಖು, ಆಮೇಲೆ ಅವಳ ಎಲ್ಲ ಕಾಗದಪತ್ರಗಳಿಗೂ ಇಳಿದದ್ದು. ಮಗಳನ್ನು ಒಂದು ವರ್ಷ ಮುಂಚಿತವಾಗಿ ಶಾಲೆಗೆ ಸೇರಿಸುವ ಆಸೆಗೆ ಅವನೇ ಹೆಡ್‌ಮಾಸ್ತರರ ಮುಂದೆ ನುಡಿದ ಸುಳ್ಳು. ಅವಳು ನಿಜವಾಗಿ ಹುಟ್ಟಿದ್ದು ಅದಕ್ಕೆ ಆರು ತಿಂಗಳ ಮೇಲೆ, ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯಂದು. ಆ ವರ್ಷದ ಪಂಚಾಂಗದಲ್ಲಿ ಆ ಪುಟದ ಕರಡನ್ನು ಅವನೇ ತಿದ್ದಿದ್ದ, ಮರೆಯುವುದು ಹೇಗೆ?

"ಬರೋಬ್ಬರಿ ಒಂದು ಸುಳ್ಳು ಉಳದಿತ್ತು ನೋಡ," ಎಂದ ಹೆಂಡತಿಗೆ. "ನಂದ ಸುಳ್ಳು. ದೇವಿಗೆ ಮುಟ್ಟೂ ರೊಕ್ಕದಾಗ ಅದು ಇರಬಾರದು."

"ಇರ್ಲಿ ಬಿಡ್ರಿ, ಯಾರು ನೋಡ್ತಾರ?"

"ತಪ್ಪು ಕಂಡ ಮ್ಯಾಲ ಹೆಂಗ ಬಿಡಲಿ?"

ಅವನು ತಿದ್ದಿದ. ತಿದ್ದಿದ ಮೇಲೆ ವರ್ಷದ ತನಕ ಮತ್ತೆ ಬದಲಿಸಲಾಗದು ಎಂದು ನಾನು ಸಣ್ಣ ಅಕ್ಷರದಲ್ಲಿ ತೋರಿಸಿದೆ. ಅದನ್ನೂ ಅವನು ಓದಿದ. ಸತ್ಯವನ್ನು ಮತ್ತೆ ಬದಲಿಸುವ ಗೊಡವೆ ಯಾರಿಗೆ ಬೇಕು ಎಂಬಂತೆ ಸರಿ ಎಂದು ಒತ್ತಿದ. ನನಗೆ ಬಾಯಿದ್ದರೆ ಕೂಗುತ್ತಿದ್ದೆ.

ಮರುದಿನ ಅಂಕ ತುಂಬಿತು. ಅಕ್ಕಸಾಲಿಗನಿಗೆ ಆಗಲೇ ಹೇಳಿಬಂದಾಗಿತ್ತು. ದಾನಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಹಣ ಪಡೆಯುವ ಗುಂಡಿ ಒತ್ತಿದ. ಒಂದು ಚಕ್ರ ತಿರುಗಿತು. "ಬ್ಯಾಂಕಿನಲ್ಲಿರುವ ಜನ್ಮದಿನಕ್ಕೂ ಇಲ್ಲಿರುವುದಕ್ಕೂ ಹೊಂದುತ್ತಿಲ್ಲ. ನೀವು ನೀವೇ ಎಂದು ದೃಢಪಡಿಸಿ. ಮುಖವನ್ನು ವೃತ್ತದೊಳಗೆ ಇರಿಸಿ" ಎಂದು ಬಂತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನೀಲವ್ವ ಎದ್ದು ಗೋಡೆಯ ಮೇಲಿದ್ದ ಮಗಳ ಫೋಟೋ ಇಳಿಸಿದಳು. ಹಾರ ತೆಗೆದಳು. ಗಾಜಿಗೆ ಹಚ್ಚಿದ ವಿಭೂತಿ ಕುಂಕುಮ ಇದ್ದರೆ ಗುರುತು ಹತ್ತದೇನೋ ಎಂದು ಸೆರಗಿನ ತುದಿ ಒದ್ದೆ ಮಾಡಿ ಒರಸಿದಳು. ಎದೆಗೆ ಆನಿಸಿಕೊಂಡು ನನ್ನ ಮುಂದೆ ಕುಳಿತಳು. ನಾನು ನನ್ನ ಒಡತಿಯನ್ನು ಮತ್ತೆ ಕಂಡೆ. ವೃತ್ತದೊಳಗೆ ಅವಳ ಮುಖ ಸರಿಯಾಗಿ ಕೂತಿತು. ಹಸಿರು ಗೆರೆ ಮೂಡಿತು. ದಾನಪ್ಪ ಕೈಮುಗಿದ.

ಆಗ ನನ್ನ ಮೇಲೆ ಮೂಡಿದ್ದು ಇಷ್ಟು: "ಈಗ ಕಣ್ಣು ಮಿಟುಕಿಸಿ."

ದಾನಪ್ಪ ಅದನ್ನು ಗಟ್ಟಿಯಾಗಿ ಓದಲಿಲ್ಲ. "ಏನಂತದು?" ಎಂದು ನೀಲವ್ವ ಕೇಳಿದಳು. ಅವನು ಹೇಳಿದ. ಅವಳು ಫೋಟೋದ ಮೇಲಕ್ಕೆ ಬಾಗಿ ಮೆಲ್ಲಗೆ, ಹಾಲು ಕುಡಿಸುವಾಗ ಹೇಳುವಂತೆ ಹೇಳಿದಳು. "ಮಿಟುಕಸ ನನ್ನವ್ವಾ. ಒಂದ ಸಲ."

ನಾನು ಮೂರು ಸಲ ಕೇಳಿದೆ. ಕೇಳುವುದು ನನ್ನ ಕೆಲಸ. ಮೂರನೆಯ ಸಲದ ಮೇಲೆ ಬಾಗಿಲು ಮುಚ್ಚಿತು.

ದಾನಪ್ಪ ಕಂಪನಿಗೆ ಪತ್ರ ಬರೆದ. ಮಗಳು ತೀರಿಕೊಂಡದ್ದು, ಹರಕೆ, ಹಾಸು ಹೊಕ್ಕು, ಶಾಲೆಯ ತಾರೀಖು ಎಲ್ಲವನ್ನೂ ಒಂದು ತಪ್ಪಿಲ್ಲದೆ ಬರೆದ. ನಾಲ್ಕು ದಿನಕ್ಕೆ ಉತ್ತರ ಬಂತು. ಖಾತೆದಾರರಲ್ಲದವರು ಉತ್ತರ ಕೊಟ್ಟಿರುವುದರಿಂದ ನಿಯಮದಂತೆ ಅಂಕಗಳೆಲ್ಲ ರದ್ದಾಗಿವೆ ಎಂದಿತ್ತು. ಕೆಳಗೆ ಐದು ನಕ್ಷತ್ರಗಳಿದ್ದವು. ಈ ಉತ್ತರದಿಂದ ನಿಮಗೆ ಎಷ್ಟು ಸಮಾಧಾನವಾಯಿತು ಎಂದು ಕೇಳಿದ್ದರು.

ಅವನು ಪೆನ್ಸಿಲನ್ನು ಕಿವಿಯಿಂದ ತೆಗೆದು ಗೂಡಿನಲ್ಲಿಟ್ಟ. ನನ್ನನ್ನೂ ಅದರ ಪಕ್ಕದಲ್ಲೇ ಇಟ್ಟ.

ಚೈತ್ರದಲ್ಲಿ ಅವನ ಕಣ್ಣಿಗೆ ಮತ್ತೆ ಮಬ್ಬು ಕವಿಯತೊಡಗಿತು. ಆಪರೇಷನ್ನಿನ ಮೇಲೆ ಒಮ್ಮೊಮ್ಮೆ ಹಾಗಾಗುವುದುಂಟು, ಬಂದರೆ ಐದು ನಿಮಿಷದಲ್ಲಿ ಸರಿಮಾಡುತ್ತೇವೆ ಎಂದು ಹುಬ್ಬಳ್ಳಿಯ ಡಾಕ್ಟರು ಮೊದಲೇ ಹೇಳಿದ್ದರು. ಹೋಗೋಣವೆಂದು ನೀಲವ್ವ ಅವನ ಕಾಲು ಹಿಡಿದಳು. ಸಿದ್ಧಯ್ಯನೂ ಬಂದು ಹೇಳಿದ. "ದೇವಿ ಹಂಗೆಲ್ಲಾ ಲೆಕ್ಕಾ ಇಡೂದಿಲ್ಲೋ ದಾನಪ್ಪ. ತಾಯಿ ಅದಾಳ ಅಕಿ."

"ಕೂಸು ಕೊಡತೀನಂದಿತ್ತು. ಕೊಡಲಿಲ್ಲ," ಎಂದ ದಾನಪ್ಪ. "ನನ್ನ ಕೈಲೇ ಕೆಟ್ಟಿತು. ತಾಯಿ ತನ್ನ ಕಣ್ಣು ತಾ ತಗೊಳ್ಳಾಕತ್ತಾಳ. ತಗೊಳ್ಳಿ ಬಿಡ್ರಿ ಅಯ್ಯಾರ."

ಅವನು ಹುಬ್ಬಳ್ಳಿಗೆ ಹೋಗಲಿಲ್ಲ.

ನಾನು ಈಗ ಮುದುಕನಾದೆ. ನನ್ನ ಬೆನ್ನು ಉಬ್ಬಿದೆ, ಜೀವ ನಿಲ್ಲುವುದಿಲ್ಲ. ಶಾಂಭವಿಯ ಫೋಟೋದ ಕೆಳಗೆ, ದೇವರ ಗೂಡಿನಲ್ಲಿ, ಎಣ್ಣೆಯ ಜಿಡ್ಡಿನ ನಡುವೆ ಬಿದ್ದಿದ್ದೇನೆ. ನನ್ನ ಮೂಲಕ ಲೋಕ ಸಾವಿರ ಪ್ರಶ್ನೆ ಕೇಳಿತು. ಯಾವುದಕ್ಕೂ ಈ ಮನೆಯವರು ಸುಳ್ಳು ಹೇಳಲಿಲ್ಲ. ಆ ಉತ್ತರಗಳನ್ನು ಯಾರು ಕೊಂಡರು, ಯಾವ ಸೋಪಿಗೆ, ಯಾವ ಎಣ್ಣೆಗೆ ಅವು ಒದಗಿದವು, ನನಗೆ ತಿಳಿಯದು. ಬನಶಂಕರಿಯ ಮುಖದಲ್ಲಿ ಇಂದಿಗೂ ಕಲ್ಲಿನ ಕಣ್ಣುಗಳೇ ಇವೆಯಂತೆ. ಅವಳ ಮನಸ್ಸನ್ನು ಅಳೆಯಲು ನಾನು ಯಾರು?

ದಾನಪ್ಪ ದಿನವೂ ಮುಂಜಾನೆ ತಡಕಾಡಿ ನನ್ನನ್ನು ಎತ್ತಿಕೊಳ್ಳುತ್ತಾನೆ. ನನ್ನ ಒಡೆದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿ, ಗಾಜನ್ನು ಧೋತರದ ಚುಂಗಿನಿಂದ ಒರಸಿ, ಮತ್ತೆ ಅಲ್ಲೇ ಇಡುತ್ತಾನೆ. ಇವತ್ತೂ ಇಟ್ಟ. ಇಟ್ಟು, ಕೈಮುಗಿದು ನಿಂತು, "ಏ ನೀಲಾ, ದೀಪಾ ಹಚ್ಚೀ ಏನ?" ಎಂದು ಕೇಳಿದ.

ದೀಪ ಅವನ ಮುಖದ ಮುಂದೆಯೇ ಉರಿಯುತ್ತಿತ್ತು.

"ಹಚ್ಚೀನ್ರೀ," ಎಂದಳು ನೀಲವ್ವ, ಮತ್ತು ಅವನ ಕೈ ಹಿಡಿದು ಬಿಸಿಯ ಕಡೆಗೆ ಒಯ್ದಳು.