ಎಡಗೈಯ ಮೊನೆ

ಅಕ್ಕತಂಗಿಯರ ಗರಿಲೇಖನಿ ಅಂಗಡಿಯಲ್ಲಿ ಕೆಲಸ ಮೊದಲಿನಿಂದಲೂ ಹಂಚಿಹೋಗಿತ್ತು. ಎಡಗೈಯಲ್ಲಿ ಬರೆಯುವವರಿಗೆ ಅಕ್ಕ ಗರಿಯ ಮೊನೆ ಕೊಯ್ಯುತ್ತಿದ್ದಳು, ಅವಳೂ ಎಡಚಿಯೇ. ಮಿಕ್ಕವರೆಲ್ಲ ತಂಗಿಯ ಪಾಲು. ಎಡಗೈಯ ಮೊನೆಗೆ ಓರೆಯೇ ಬೇರೆ. ತಂಗಿ ಅದನ್ನು ಕಲಿಯಲೇ ಇಲ್ಲ. "ನಿಂಗೆ ಅದೂ ಬಂದ್ಬಿಟ್ರೆ ನಾನೇನು ನೊಣ ಹೊಡೀತಾ ಕೂರ್ಬೇಕಾ?" ಎಂದು ಅಕ್ಕ ನಗುತ್ತಿದ್ದಳು.

ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು. ಆಮೇಲೆ ತಂಗಿ ಯಾವ ಗರಿ ಹಿಡಿದರೂ ಎಡಗೈಯ ಮೊನೆಯೇ ಬರತೊಡಗಿತು.

ಕಣ್ಣು ಮಂಜಾಗಿರಬೇಕೆಂದು ಕನ್ನಡಕ ಬದಲಿಸಿದಳು. ಆದರೆ ಕೊಯ್ಯುವಾಗೆಲ್ಲ ಮಣಿಕಟ್ಟಿನ ಮೇಲೆ ತಣ್ಣನೆಯದೊಂದು ಭಾರ ಕೂರುತ್ತಿತ್ತು, ಚೂರಿ ತಾನಾಗಿ ಎಡಗೈಯ ಓರೆಗೆ ವಾಲುತ್ತಿತ್ತು. ಮೂಲೆಯಲ್ಲಿ ಅಕ್ಕನ ಸ್ಟೂಲು ಕಿರ್ರೆನ್ನುತ್ತಿತ್ತು. ಹೆದರಿಕೆಯಾಗಬೇಕಿತ್ತು. ಆಗುತ್ತಿದ್ದುದು ನೆಮ್ಮದಿ.

ಆದರೆ ಕೊಳ್ಳುವವರು ಬಲಗೈಯವರು. ಒಬ್ಬೊಬ್ಬರಾಗಿ ಕಳಚಿಕೊಂಡರು. ಕೊನೆಗೆ ಉಳಿದವರು ಅಕ್ಷರ ತಿದ್ದಿಸುವ ಮೇಷ್ಟ್ರು ಒಬ್ಬರೇ. ಒಂದು ಮಧ್ಯಾಹ್ನ ಅವರೂ ಬಂದರು.

"ದೂರು ಹೇಳೋಕೆ ಬಂದಿಲ್ಲಮ್ಮ," ಎಂದು ಮೊದಲೇ ಹೇಳಿಬಿಟ್ಟರು. "ನಮ್ಮಲ್ಲಿ ಒಬ್ಬ ಎಡಚ ಗುಮಾಸ್ತ ಕಲಿಯೋಕೆ ಬರ್ತಾನೆ, ನಿಮ್ಮ ಲೇಖನಿ ಅಂದ್ರೆ ಅವನಿಗೆ ಪ್ರಾಣ. ಮಿಕ್ಕವರದು ಮಾತ್ರ ಕಾಗದ ಹರಿದುಹೋಗ್ತಿದೆ. ಇವತ್ತು ಬಲಗೈಯದೊಂದು ಕೊಯ್ದು ಕೊಡಿ. ಆಗಲಿಲ್ಲ ಅಂದ್ರೆ ನಾನೂ ಬೇರೆ ಕಡೆ ನೋಡ್ಬೇಕಾಗುತ್ತೆ."

ಅವರೂ ಹೋದರೆ ಅಂಗಡಿ ಮುಚ್ಚಿದಂತೆಯೇ. ಅವಳು ಬಲಗೈಗೆ ಒಗ್ಗುವ ಹೆಬ್ಬಾತಿನ ಎಡರೆಕ್ಕೆಯ ಗರಿಯೊಂದನ್ನು ಆರಿಸಿ, ಬಾಣಲೆಯ ಬಿಸಿ ಮರಳಿನಲ್ಲಿ ಅದರ ದಂಟನ್ನು ಗಟ್ಟಿಯಾಗಲೆಂದು ಹೂತಳು. ಮಬ್ಬಾಗಿದ್ದ ದಂಟು ಗಾಜಿನಂತೆ ತಿಳಿಯಾದಾಗ ತೆಗೆದು, ಚೂರಿಯ ಬೆನ್ನಿನಿಂದ ಪೊರೆ ಹೆರೆದಳು. ಅಲ್ಲಿಯವರೆಗೆ ಎಲ್ಲ ಸರಿ. ಕೊಯ್ಯಲು ಅಲಗು ಇಟ್ಟಳೋ ಇಲ್ಲವೋ, ಮಣಿಕಟ್ಟು ತಣ್ಣಗಾಯಿತು.

ಮೇಷ್ಟ್ರಿಗೆ ಮೊಣಕಾಲು ನೋವು. ಮೂಲೆಯ ಸ್ಟೂಲಿನತ್ತ ನಡೆದರು.

"ಅಲ್ಲಿ ಕೂರ್ಬೇಡಿ ಮೇಷ್ಟ್ರೇ!"

ಅವರು ಖಾಲಿ ಸ್ಟೂಲನ್ನು ನೋಡಿದರು, ಅವಳ ಮುಖವನ್ನು ನೋಡಿದರು. "ಪರವಾಗಿಲ್ಲ, ಅವರು ಕೂತಿರಲಿ," ಎಂದಷ್ಟೇ ಹೇಳಿ ಗೋಡೆಗೆ ಒರಗಿ ನಿಂತರು.

ಅವಳು ಮೂಲೆಗೆ ತಿರುಗಿದಳು. "ಅಕ್ಕಾ, ಏಳೇ. ದೊಡ್ಡವರು ನಿಂತಿದ್ದಾರೆ. ಅಂಗಡೀನೇ ಹೋದ್ರೆ ನಿನ್ನನ್ನ ಎಲ್ಲಿ ಅಂತ ಕೂರಿಸ್ಲಿ?"

ಯಾರೋ ಎದ್ದಂತೆ ಸ್ಟೂಲು ಕಿರ್ರೆಂದಿತು. ಮೇಷ್ಟ್ರು ಉಸಿರು ಬಿಗಿಹಿಡಿದರು. ಅವಳ ಮಣಿಕಟ್ಟು ಹಗುರಾಯಿತು, ಚೂರಿ ಹೇಳಿದಂತೆ ಕೇಳಿತು. ಮೊನೆಯ ಸೀಳು ಕೂದಲೆಳೆಯಂತೆ ನೇರವಾಗಿ ಬಂತು.

ಮೇಷ್ಟ್ರು ಸ್ಟೂಲಿನ ಅಂಚಿಗೆ ಕೂತು ಬರೆದು ನೋಡಿದರು. ಮಸಿ ಎಲ್ಲಿಯೂ ತಡೆಯಲಿಲ್ಲ. "ಇನ್ಮೇಲೆ ಎಲ್ಲ ಇಲ್ಲಿಂದಲೇ," ಎಂದು ಎದ್ದರು. "ಗುಮಾಸ್ತನಿಗೂ ಒಂದೆರಡು ಕೊಯ್ದಿಡಿ, ಪಾಪ."

ಅವರು ಹೋದಮೇಲೆ ಗುಮಾಸ್ತನ ಎಡಗೈಗೆಂದು ಬಲರೆಕ್ಕೆಯ ಗರಿಯೊಂದನ್ನು ಎತ್ತಿಕೊಂಡಳು. "ಬಾರೇ, ಇದು ನಿನ್ನ ಕೆಲಸ," ಎಂದು ಕೈ ಚಾಚಿ ಕಾದಳು. ಮಣಿಕಟ್ಟು ಬೆಚ್ಚಗೇ ಇತ್ತು.

ತಾನೇ ಎಡಗೈಯ ಓರೆ ಹಿಡಿದು ಕೊಯ್ದಳು. ದಂಟು ಉದ್ದಕ್ಕೂ ಬಿರಿಯಿತು. ಇನ್ನೊಂದೂ ಬಿರಿಯಿತು. ಬೆಳಕಿರುವವರೆಗೂ ಕೊಯ್ಯುತ್ತಲೇ ಹೋದಳು. ಬಿರಿಯದೆ ಉಳಿದವೆಲ್ಲ ಬಲಗೈಗೇ ಒಗ್ಗುವಂಥವು.